ಉಕ್ರೇನಿನ ಹಳೆಯ ಯುದ್ಧಕಥನಗಳಲ್ಲಿ ಮೊದಲು ಯಾವುದನ್ನು ಓದಬೇಕು?

ಯುದ್ಧ ಮತ್ತು ರಾಷ್ಟ್ರೀಯ ಅಸ್ಮಿತೆಯನ್ನು ಕುರಿತ ಉಕ್ರೇನಿನ ಹಳೆಯ ಕಥಾಸಾಹಿತ್ಯದಲ್ಲಿ ಎಲ್ಲಿಂದ ಆರಂಭಿಸಬೇಕು, ಅದು ನಮ್ಮವರೆಗೆ ಏಕೆ ತಲುಪಲಿಲ್ಲ ಎಂದು ನೀವು ಕೇಳಿದ್ದೀರಿ. ವಾಸಿಲ್ ಸ್ಟೆಫಾನಿಕ್ 1922ರಲ್ಲಿ ಬರೆದ ‘ಪುತ್ರರು’ ಎಂಬ ಕೆಲವೇ ಪುಟಗಳ ಕಥೆಯಿಂದ ಆರಂಭಿಸಿ ಎನ್ನುವುದು ನನ್ನ ಸಲಹೆ. ಮುದಿ ರೈತ ಮಕ್ಸಿಮ್ ತನ್ನ ಹೊಲದಲ್ಲಿ ಒಂಟಿಯಾಗಿ ದುಡಿಯುತ್ತ, ಕುದುರೆಗಳನ್ನು ಬೈಯುತ್ತ, ಉಕ್ರೇನಿಗಾಗಿ ಹೋರಾಡಲು ಹೋಗಿ ಮರಳದ ಇಬ್ಬರು ಮಕ್ಕಳನ್ನು ನೆನೆಯುತ್ತಾನೆ. ಹಿರಿಯ ಮಗ ಹೊರಟು ನಿಂತಾಗ, ಕಿರಿಯನನ್ನೂ ಕರೆದುಕೊಂಡು ಹೋಗು ಎಂದು ಹೇಳಿದವನು ಈ ತಂದೆಯೇ. ಕೊನೆಗೆ ಅವನು ಯೇಸುವಿನ ತಾಯಿ ದೇವಮಾತೆ ಮೇರಿಗೆ, ನೀನು ಕೊಟ್ಟದ್ದು ಒಬ್ಬನನ್ನು, ನಾನು ಇಬ್ಬರನ್ನು ಕೊಟ್ಟೆ ಎನ್ನುತ್ತಾನೆ. ದೇಶಾಭಿಮಾನವನ್ನು ಅಲ್ಲಗಳೆಯದೆಯೇ ಅದು ಕೇಳಿದ ಬೆಲೆಯನ್ನು ಇಷ್ಟು ನೇರವಾಗಿ ಮುಂದಿಡುವ ಕಥೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಯೂರಿ ಯಾನೊವ್‌ಸ್ಕಿಯ ‘ಸವಾರರು’ (1935) ಕಾದಂಬರಿಯ ಮೊದಲ ಅಧ್ಯಾಯವನ್ನು ಅದರ ಬೆನ್ನಿಗೇ ಓದಬೇಕು. ರಷ್ಯಾದ ಕ್ರಾಂತಿಯ ನಂತರದ ಅಂತರ್ಯುದ್ಧದ ನಡುವೆ, 1919ರ ಆಗಸ್ಟ್ ತಿಂಗಳ ಒಂದು ದಿನ, ಉಕ್ರೇನಿನ ದಕ್ಷಿಣದ ಹುಲ್ಲುಗಾವಲಿನಲ್ಲಿ, ಒಬ್ಬ ಬೆಸ್ತನ ಮಕ್ಕಳು ಬೋಲ್ಶೆವಿಕ್ ವಿರೋಧಿ ರಷ್ಯನ್ ಸೇನಾನಿ ಡೆನಿಕಿನ್, ಸ್ವತಂತ್ರ ಉಕ್ರೇನಿನ ನಾಯಕ ಪೆಟ್ಲ್ಯೂರಾ, ಅರಾಜಕತಾವಾದಿ ಮಾಖ್ನೊ ಮತ್ತು ಬೋಲ್ಶೆವಿಕರ ಕೆಂಪು ಸೇನೆಗಳ ಪರವಾಗಿ ಎದುರುಬದುರಾಗುತ್ತಾರೆ. ಒಬ್ಬನನ್ನು ಇನ್ನೊಬ್ಬ, ಅವನನ್ನು ಮತ್ತೊಬ್ಬ ಕೊಲ್ಲುತ್ತ ಹೋಗುತ್ತಾರೆ. ಕುಲಕ್ಕಿಂತ ವರ್ಗವೇ ದೊಡ್ಡದು ಎಂಬ ತೀರ್ಮಾನವನ್ನು ಆ ಕಾಲದ ಸೋವಿಯತ್ ಲೇಖಕ ಬರೆಯಲೇಬೇಕಿತ್ತೇನೋ. ಆದರೆ ಓದುಗನ ಮನಸ್ಸಿನಲ್ಲಿ ನಿಲ್ಲುವುದು ಅಣ್ಣತಮ್ಮಂದಿರು ಒಂದಾಗಿದ್ದರೆ ವಂಶ ಅಳಿಯದು ಎಂದು ಅಧ್ಯಾಯದುದ್ದಕ್ಕೂ ಮರಳಿ ಮರಳಿ ಬರುವ ತಂದೆಯ ಮಾತು.

ಈ ಒಡಕಿನ ಬೇರು ಇತಿಹಾಸದಲ್ಲಿದೆ. 1914ರಲ್ಲಿ ಉಕ್ರೇನಿಯನ್ನರು ಆಸ್ಟ್ರಿಯಾ-ಹಂಗೆರಿ ಮತ್ತು ರಷ್ಯಾ ಸಾಮ್ರಾಜ್ಯಗಳ ನಡುವೆ ಹಂಚಿಹೋಗಿದ್ದರಿಂದ ಎರಡೂ ಕಡೆಯ ಸಮವಸ್ತ್ರ ತೊಟ್ಟು ಪರಸ್ಪರ ಹೋರಾಡಬೇಕಾಯಿತು. ಒಸಿಪ್ ತುರ್ಯಾನ್‌ಸ್ಕಿ ಆಸ್ಟ್ರಿಯಾದ ಸೈನಿಕನಾಗಿ ಹೋರಾಡಿ ಸರ್ಬಿಯಾದವರ ಕೈಗೆ ಸೆರೆಸಿಕ್ಕವನು. ವಿಯೆನ್ನಾದಲ್ಲಿ 1921ರಲ್ಲಿ ಪ್ರಕಟವಾದ ಅವನ ‘ನೋವಿನ ಎಲ್ಲೆಯಾಚೆ’ಯಲ್ಲಿ, 1915ರ ಚಳಿಗಾಲದಲ್ಲಿ ಹಿಮ್ಮೆಟ್ಟುತ್ತಿದ್ದ ಸರ್ಬಿಯಾದ ಸೇನೆಯೊಂದಿಗೆ ಆಲ್ಬೇನಿಯಾದ ಬೆಟ್ಟಗಳನ್ನು ದಾಟುವ ಬೇರೆ ಬೇರೆ ಜನಾಂಗಗಳ ಏಳು ಸೆರೆಯಾಳುಗಳು ಹಿಮದಲ್ಲಿ ಒಂದು ಬೆಂಕಿಯ ಸುತ್ತ ಉಳಿಯುತ್ತಾರೆ. ಯಾರು ಯಾವ ದೇಶದವರು ಎಂಬ ಪ್ರಶ್ನೆ ಹಸಿವು, ಚಳಿಗಳ ಮುಂದೆ ಏನಾಗುತ್ತದೆ ಎಂಬುದನ್ನು ಇಷ್ಟು ನಿಷ್ಠುರವಾಗಿ ಪರೀಕ್ಷಿಸಿದ ಈ ಪುಸ್ತಕಕ್ಕೆ ಯುರೋಪಿನ ಪ್ರಸಿದ್ಧ ಯುದ್ಧಕಾದಂಬರಿಗಳ ಸಾಲಿನಲ್ಲಿ ಜಾಗ ಸಿಗದಿರುವುದು ಅನ್ಯಾಯವೆಂದೇ ನನ್ನ ಭಾವನೆ.

ಇವು ನಮ್ಮನ್ನು ಏಕೆ ತಲುಪಲಿಲ್ಲ ಎಂಬುದಕ್ಕೆ ಸೋವಿಯತ್ ಉಕ್ರೇನಿನ ಲೇಖಕ ಮಿಕೊಲಾ ಖ್ವಿಲ್ಯೊವಿಯ ಬದುಕು ನೋಡಿದರೆ ಸಾಕು. ಕ್ರಾಂತಿಯ ಹೆಸರಿನಲ್ಲಿ ಸ್ವಂತ ತಾಯಿಯನ್ನೇ ಕೊಲ್ಲುವ ರಹಸ್ಯ ಪೊಲೀಸನ ಕಥೆಯನ್ನು ಬರೆದ ಆತ 1933ರ ಮೇ 13ರಂದು ಖಾರ್ಕಿವ್‌ನಲ್ಲಿ ಗುಂಡು ಹಾರಿಸಿಕೊಂಡು ಸತ್ತ. ಆ ಬಳಿಕ ಅವನ ಕೃತಿಗಳು ದಶಕಗಳ ಕಾಲ ನಿಷೇಧಕ್ಕೊಳಗಾದವು. ಕರ್ನಾಟಕದ ಓದುಗರಿಗೆ ಅಗ್ಗದ ಬೆಲೆಗೆ ಕನ್ನಡದಲ್ಲೇ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳ ಆಯ್ಕೆ ನಡೆಯುತ್ತಿದ್ದುದು ಮಾಸ್ಕೋದಲ್ಲಿ. ಉಕ್ರೇನಿನಲ್ಲಿ ಹುಟ್ಟಿದ ಗೊಗೊಲ್‌ನನ್ನು ನಾವು ರಷ್ಯನ್ ಲೇಖಕನೆಂದಷ್ಟೇ ಓದಿದೆವು. ಖ್ವಿಲ್ಯೊವಿಯ ಹೆಸರನ್ನೂ ಕೇಳಲಿಲ್ಲ. ಸ್ಟೆಫಾನಿಕ್ ಮತ್ತು ತುರ್ಯಾನ್‌ಸ್ಕಿ ಇಂಗ್ಲಿಷಿನಲ್ಲಿ ದೊರೆಯುತ್ತಾರೆ. ತುರ್ಯಾನ್‌ಸ್ಕಿಯನ್ನು ‘ಲಾಸ್ಟ್ ಷಾಡೋಸ್’ ಎಂಬ ಹೆಸರಿನಲ್ಲಿ ಹುಡುಕಿ.