ಕ್ರೀಡಾಕೂಟದ ಸೇವೆಗೆ ಅಂತ ಹೊರದೇಶಕ್ಕೆ ಹೋದರೆ ಅಲ್ಲಿ ನಿಜಕ್ಕೂ ಏನು ಕೆಲಸ ಇರುತ್ತದೆ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಕಲಬುರಗಿಯ ನಿಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಯುವಕರ ಗುಂಪಿಗೆ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ ಹೊತ್ತಿಗೆ ಸೇವೆಗೆ ಬನ್ನಿ ಅಂತ ಅಲ್ಲಿನ ಒಂದು ಸಭೆ ಕರೆದಿದೆ. ಆಟಗಾರರ ನಡುವೆ ಏನು ಮಾಡಬೇಕು, ಸುವಾರ್ತೆ ಸಾರಬಹುದಾ, ಇಷ್ಟೊಂದು ದುಡ್ಡು ಹಾಕಿ ಹೋಗುವುದು ಸರಿಯಾ ಅಂತ ಕೇಳಿದ್ದೀರಿ. ನಾನು ಬೀದರಿನ ಮಂಗಲಪೇಟೆಯವಳು, ನರ್ಸ್ ಕೆಲಸ ಮಾಡುತ್ತೇನೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ ಸಮಯದಲ್ಲಿ ಬೇರೆ ಬೇರೆ ದೇಶದವರಿದ್ದ ಒಂದು ಸೇವಾ ತಂಡದ ಜೊತೆ ಹೋಗಿದ್ದೆ. ಕಂಡಿದ್ದನ್ನು ಹೇಳುತ್ತೇನೆ.

ಈ ಸೇವೆ ಬಹುಪಾಲು ಸೋತವರ ಜೊತೆ ನಡೆಯುತ್ತದೆ. ಇದನ್ನು ನಿಮ್ಮ ಹುಡುಗರಿಗೆ ಮೊದಲೇ ಹೇಳಿಬಿಡಿ. ಬರ್ಮಿಂಗ್‌ಹ್ಯಾಮ್‌ಗೆ 72 ತಂಡಗಳಿಂದ ಸುಮಾರು 5,000 ಆಟಗಾರರು ಬಂದಿದ್ದರು, ಚಿನ್ನಕ್ಕಿದ್ದ ಸ್ಪರ್ಧೆಗಳು 280. ಹೆಚ್ಚಿನವರು ಬರಿಗೈಯಲ್ಲೇ ಮನೆಗೆ ಹೋಗುತ್ತಾರೆ. ಟಿವಿಯಲ್ಲಿ ನಮಗೆ ಕಾಣುವುದು ಕೊರಳಿಗೆ ಪದಕ ಬಿದ್ದವರು ಮಾತ್ರ. ವರ್ಷಗಟ್ಟಲೆ ನಸುಕಿನಲ್ಲಿ ಎದ್ದು ಓಡಿ, ಮನೆಯ ಮದುವೆ ಮುಂಜಿ ಎಲ್ಲ ಬಿಟ್ಟು, ಕೊನೆಗೆ ಮೊದಲ ಸುತ್ತಿನಲ್ಲೇ ಹೊರಬಿದ್ದ ಹುಡುಗಿಗೆ ಆ ಸಂಜೆಯಿಂದ ಅಲ್ಲಿ ಮಾಡಲು ಏನೂ ಇರುವುದಿಲ್ಲ, ಕೋಚ್ ಮುಂದಿನ ಆಟಗಾರನ ಹಿಂದೆ ಓಡುತ್ತಿರುತ್ತಾರೆ, ಊರಿಂದ ಫೋನ್ ಬಂದರೆ ಎತ್ತಲು ಮನಸ್ಸಾಗುವುದಿಲ್ಲ. ಅಂಥವಳ ಪಕ್ಕದಲ್ಲಿ ಒಂದು ಗಂಟೆ ಕೂತು, ಏನೂ ಬೋಧನೆ ಮಾಡದೆ, ಅವಳ ತಾಯಿ ಏನು ಅಡುಗೆ ಮಾಡುತ್ತಾಳೆ ಅಂತ ಕೇಳುವುದೂ ಸೇವೆಯೇ. ನನ್ನ ಮಟ್ಟಿಗೆ ಅದೇ ದೊಡ್ಡ ಸೇವೆ.

ಆದರೆ ಆಟಗಾರರ ಪಕ್ಕಕ್ಕೆ ಹೋಗುವುದು ಸುಲಭವಲ್ಲ. ಇಲ್ಲಿ ಎರಡು ಥರದ ಕೆಲಸವಿದೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಆಟಗಾರರು ಉಳಿಯುವ ಜಾಗದ ಒಳಗೆ ಇರುವವರು ಚಾಪ್ಲೆನ್‌ಗಳು, ಅಂದರೆ ಪ್ರಾರ್ಥನೆಗೆ, ಸಾಂತ್ವನಕ್ಕೆ ಅಂತ ನೇಮಕವಾದ ಧರ್ಮಸೇವಕರು. ಒಲಿಂಪಿಕ್ಸ್ ಗ್ರಾಮದಲ್ಲಿ ಎಲ್ಲ ಧರ್ಮದವರಿಗೂ ಸೇರಿ ಒಂದು ಪ್ರಾರ್ಥನಾ ಕೇಂದ್ರ ಇರುತ್ತದೆ. 2024ರ ಪ್ಯಾರಿಸ್‌ನಲ್ಲಿ ಕ್ರೈಸ್ತ, ಮುಸ್ಲಿಂ, ಯಹೂದಿ, ಹಿಂದೂ, ಬೌದ್ಧ ಹೀಗೆ ಐದು ಧರ್ಮದವರಿಗೂ ಜಾಗ ಕೊಟ್ಟಿದ್ದರು. ಅಲ್ಲಿ ಇರುವವರನ್ನು ಸಂಘಟಕರೇ ಆರಿಸುತ್ತಾರೆ, ಕೊರಳಲ್ಲಿ ಪಾಸ್ ಇರುತ್ತದೆ. ಅವರ ಕೆಲಸ ತುಂಬ ಭಾರವಾದದ್ದು. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್ ನೆನಪು ಮಾಡಿಕೊಳ್ಳಿ. ಉದ್ಘಾಟನೆಯ ದಿನವೇ ಜಾರ್ಜಿಯಾದ ಲ್ಯೂಜ್ (ಮಂಜಿನ ಹಾದಿಯಲ್ಲಿ ಜಾರುಬಂಡಿ ಓಟ) ಆಟಗಾರ ಅಭ್ಯಾಸದ ವೇಳೆ ಅಪಘಾತದಲ್ಲಿ ತೀರಿಕೊಂಡ. ಅದೇ ಕೂಟದಲ್ಲಿ ಕೆನಡಾದ ಸ್ಕೇಟಿಂಗ್ ಆಟಗಾರ್ತಿ ಜೋನಿ ರೋಷೆಟ್ ಅವರ ತಾಯಿ, ಮಗಳ ಆಟ ನೋಡಲು ಬಂದವರು, ಹೃದಯಾಘಾತದಿಂದ ಹೋಗಿಬಿಟ್ಟರು. ಕೆಲವೇ ದಿನಗಳಲ್ಲಿ ಆಕೆ ಮಂಜಿನ ಮೇಲೆ ಇಳಿದು ಕಂಚು ಗೆದ್ದಳು. ಇಂಥ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಾದರೂ ಬೇಕು. ಅದಕ್ಕೆ ಅನುಭವ ಬೇಕು, ತರಬೇತಿ ಬೇಕು.

ನಾವು, ನೀವು ಇರುವುದು ಹೊರಗೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಹೊಸ ಕ್ರೀಡಾ ಗ್ರಾಮ ಅಂತ ಒಂದೇ ಕಡೆ ಇರಲಿಲ್ಲ, ಬರ್ಮಿಂಗ್‌ಹ್ಯಾಮ್ ಮತ್ತು ವಾರಿಕ್ ವಿಶ್ವವಿದ್ಯಾಲಯದ ಹಾಸ್ಟೆಲ್‌ಗಳಲ್ಲಿ, ಎನ್‌ಇಸಿ ಅನ್ನುವ ದೊಡ್ಡ ವಸ್ತುಪ್ರದರ್ಶನ ಕೇಂದ್ರದ ಬಳಿಯ ಹೋಟೆಲ್‌ಗಳಲ್ಲಿ ಆಟಗಾರರನ್ನು ಹಂಚಿ ಇಟ್ಟಿದ್ದರು. ಗ್ಲಾಸ್ಗೋದಲ್ಲೂ ಹೊಸ ಗ್ರಾಮ ಕಟ್ಟುತ್ತಿಲ್ಲ. 2026ರ ಜುಲೈ 23ರಿಂದ ಆಗಸ್ಟ್ 2ರವರೆಗೆ ಹತ್ತೇ ಕ್ರೀಡೆ, ನಾಲ್ಕೇ ಜಾಗ. ಹಾಕಿ, ಕುಸ್ತಿ, ಬ್ಯಾಡ್ಮಿಂಟನ್, ಶೂಟಿಂಗ್, ಕ್ರಿಕೆಟ್ ಯಾವುದೂ ಇಲ್ಲ. ನಿಮ್ಮ ಹುಡುಗರು ನಮ್ಮ ಹಾಕಿ ತಂಡ ನೋಡುವ ಆಸೆಯಲ್ಲಿದ್ದರೆ ಈಗಲೇ ಹೇಳಿಬಿಡಿ.

ಹೊರಗೆ ಏನು ಕೆಲಸ ಅಂದರೆ, ಸ್ಟೇಡಿಯಂ ದಾರಿಯಲ್ಲಿ ನೀರು ಕೊಡುವುದು, ದಾರಿ ತಪ್ಪಿದವರನ್ನು ಬಸ್ ಹತ್ತಿಸುವುದು, ಚರ್ಚಿನ ಹಾಲ್‌ನಲ್ಲಿ ಚಹಾ ಇಟ್ಟು ಬಂದವರನ್ನು ಕೂರಿಸುವುದು, ಮಕ್ಕಳಿಗೆ ಆಟ ಆಡಿಸುವುದು, ಪಾತ್ರೆ ತೊಳೆಯುವುದು. ಆಟಗಾರರ ತಂದೆ ತಾಯಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೋರ್ ದ್ಯಾನ್ ಗೋಲ್ಡ್ ಅನ್ನುವ ಹೆಸರಲ್ಲಿ ಬೇರೆ ಬೇರೆ ಪಂಗಡದ ಸಭೆಗಳು ಒಟ್ಟಾಗಿ ಇದನ್ನು ಮಾಡಿದವು, 2014ರಲ್ಲಿ ಗ್ಲಾಸ್ಗೋದಲ್ಲೂ ಹಾಗೇ ನಡೆಯಿತು. ಮಗ ಕೂಟಕ್ಕೆ ಆಯ್ಕೆ ಆದನೆಂದು ಸಾಲ ಮಾಡಿ ಟಿಕೆಟ್ ತೆಗೆದ ತಾಯಿಗೆ ಆ ಊರಿನ ಹೋಟೆಲ್ ಬಾಡಿಗೆ ಎಲ್ಲಿ ಆಗುತ್ತದೆ, ಅವರಿಗೆ ಯಾರದೋ ಮನೆಯಲ್ಲಿ ಒಂದು ಕೋಣೆ ಮತ್ತು ಊಟ ಸಿಕ್ಕರೆ ಅದು ಎಷ್ಟು ದೊಡ್ಡ ಉಪಕಾರ ಅಂತ ನಮ್ಮ ಕಡೆಯ ಜನಕ್ಕೆ ವಿವರಿಸಿ ಹೇಳಬೇಕಾಗಿಲ್ಲ.

ಅಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ನಮ್ಮ ಬೀದರಿನ ಮಾತು. ಕನ್ನಡ ಮನೆಯದು, ಓಣಿಯಲ್ಲಿ ದಖನಿ ಉರ್ದು, ಸಂತೆಯಲ್ಲಿ ಮರಾಠಿ, ಹೈದರಾಬಾದಿಗೆ ಹೋದರೆ ತೆಲುಗು. ಬರ್ಮಿಂಗ್‌ಹ್ಯಾಮ್‌ನಲ್ಲಿ ಪಾಕಿಸ್ತಾನ ಮೂಲದವರು ತುಂಬ ಇದ್ದಾರೆ. ಆಗಸ್ಟ್ 7ರ ಸಂಜೆ ಪಾಕಿಸ್ತಾನದ ಅರ್ಷದ್ ನದೀಮ್ ಭರ್ಜಿಯನ್ನು 90.18 ಮೀಟರ್ ದೂರ ಎಸೆದು ಚಿನ್ನ ಗೆದ್ದಾಗ ನಮ್ಮ ಚಹಾದ ಮೇಜಿನ ಹತ್ತಿರ ಇದ್ದ ಒಂದು ಕುಟುಂಬದ ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತರು. ನೀರಜ್ ಚೋಪ್ರಾ ಗಾಯದಿಂದ ಆ ಕೂಟಕ್ಕೆ ಬಂದಿರಲಿಲ್ಲ, ಆತನ ಕಾಲು ಹೇಗಿದೆ ಬೇಟಿ ಅಂತ ಅವರೇ ನನ್ನನ್ನು ಕೇಳಿದರು. ಅದೇ ದಿನ ನಮ್ಮ ಹೆಣ್ಣುಮಕ್ಕಳು ಕ್ರಿಕೆಟ್ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ 9 ರನ್‌ನಿಂದ ಸೋತಿದ್ದರು, ನಾನೂ ಅಳುವ ಹಾಗೇ ಇದ್ದೆ. ಅಜ್ಜಿಗೆ ಇನ್ನೊಂದು ಕಪ್ ಚಹಾ ಕೊಟ್ಟೆ. ನಾನು ಕ್ರೈಸ್ತಳು ಅಂತ ಅವರಿಗೆ ಗೊತ್ತಿತ್ತು, ಮೇಜಿನ ಮೇಲೆ ಸಭೆಯ ಹೆಸರು ದೊಡ್ಡದಾಗಿ ಬರೆದಿತ್ತು. ಅಷ್ಟೇ ಸಾಕಾಗಿತ್ತು.

ಇನ್ನು ಸುವಾರ್ತೆಯ ಪ್ರಶ್ನೆ. ಒಲಿಂಪಿಕ್ ಸನ್ನದಿನ 50ನೇ ನಿಯಮ ಆಟದ ಯಾವ ಜಾಗದಲ್ಲೂ ರಾಜಕೀಯ, ಧಾರ್ಮಿಕ, ಜನಾಂಗೀಯ ಪ್ರಚಾರ ನಡೆಸಬಾರದು ಅಂತ ಹೇಳುತ್ತದೆ. ಬೇರೆ ಕೂಟಗಳಲ್ಲೂ ಸ್ವಯಂಸೇವಕರಿಗೆ ಇಂಥದೇ ಕಟ್ಟುಪಾಡು ಹಾಕುತ್ತಾರೆ. ಕರಪತ್ರ ಹಂಚುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಿಯಮದ ಮಾತು ಒಂದು ಕಡೆ ಇರಲಿ, ನನಗೆ ಅದಕ್ಕಿಂತ ದೊಡ್ಡ ಕಾರಣವಿದೆ. ಸೋತು ಕುಸಿದು ಕೂತವನ ಮನಸ್ಸು ಆಗ ಬಾಗಿಲಿಲ್ಲದ ಮನೆಯ ಹಾಗೆ ಇರುತ್ತದೆ. ಆ ಹೊತ್ತಿನಲ್ಲಿ ಒಳಗೆ ನುಗ್ಗಿ ನಮ್ಮ ನಂಬಿಕೆಯನ್ನು ಇಟ್ಟು ಬರುವುದು ಪ್ರೀತಿಯಲ್ಲ. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಓದುತ್ತೇವಲ್ಲ, ನಾವು ಅಲ್ಲಿಗೆ ಹೋಗುವುದು ಅದಕ್ಕಾಗಿ. ಯಾರಾದರೂ ತಾವಾಗಿ ಕೇಳಿದರೆ ಪ್ರಾರ್ಥನೆ ಮಾಡಿ, ನೀವು ಯಾಕೆ ಬಂದಿರಿ ಅಂತ ಕೇಳಿದರೆ ಮನಸ್ಸು ಬಿಚ್ಚಿ ಹೇಳಿ. ಕೇಳುತ್ತಾರೆ, ಖಂಡಿತ ಕೇಳುತ್ತಾರೆ.

ಇನ್ನೊಂದು ವಿಷಯ ನಮ್ಮ ಸಭೆಗಳಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅಲ್ಲಿಗೆ ಬರುವ ಆಟಗಾರರಲ್ಲಿ ಎಷ್ಟೋ ಜನ ಆಗಲೇ ವಿಶ್ವಾಸಿಗಳು. ಫಿಜಿಯ ರಗ್ಬಿ ತಂಡ ರಿಯೋದಲ್ಲೂ ಟೋಕಿಯೋದಲ್ಲೂ ಚಿನ್ನ ಗೆದ್ದ ಮೇಲೆ ಮೈದಾನದಲ್ಲೇ ಸುತ್ತ ನಿಂತು ಭಕ್ತಿಗೀತೆ ಹಾಡಿದ್ದನ್ನು ನೀವು ನೋಡಿರಬಹುದು. ಪೆಸಿಫಿಕ್ ದ್ವೀಪಗಳು, ಕೀನ್ಯಾ, ಜಮೈಕಾ, ನಮ್ಮ ಮಿಜೋರಾಮ್, ಮಣಿಪುರ, ಇಲ್ಲಿಂದೆಲ್ಲ ಬಂದ ಎಷ್ಟೋ ಹುಡುಗ ಹುಡುಗಿಯರಿಗೆ ಭಾನುವಾರ ಆಟ ಇದ್ದರೆ ಆರಾಧನೆ ತಪ್ಪುತ್ತದೆ. ಅವರಿಗೆ ಬೇಕಿರುವುದು ಒಂದು ಸಭೆ, ತಮ್ಮ ಜೊತೆ ಹಾಡುವ ನಾಲ್ಕು ದನಿ.

ಭಾನುವಾರ ಅಂದ ಕೂಡಲೇ ಎರಿಕ್ ಲಿಡೆಲ್ ನೆನಪಾಗುತ್ತಾರೆ, ನೀವು ಹೋಗುತ್ತಿರುವುದು ಅವರ ಸ್ಕಾಟ್ಲೆಂಡಿಗೇ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್ ಭಾನುವಾರ ಬಿತ್ತು ಅಂತ ಓಡಲಿಲ್ಲ, 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಸಂಡೇ ಸ್ಕೂಲ್‌ನಲ್ಲಿ ಮಕ್ಕಳಿಗೆ ಇಲ್ಲಿಗೇ ಕತೆ ಮುಗಿಸುತ್ತೇವೆ. ನನಗೆ ಮುಂದಿನದು ಜಾಸ್ತಿ ಮುಖ್ಯ. ಮರುವರ್ಷ ಅವರು ಮಿಷನರಿಯಾಗಿ ಚೀನಾಕ್ಕೆ ಹೋದರು, ಯುದ್ಧದಲ್ಲಿ ಜಪಾನಿಗಳು ವೇಶಿಯನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ತಂದೆ ತಾಯಿಯಿಂದ ದೂರವಾದ ಮಕ್ಕಳಿಗೆ ಪಾಠ ಹೇಳಿದರು, ಆಟ ಆಡಿಸಿದರು. ಭಾನುವಾರ ಮಕ್ಕಳು ಆಟದಲ್ಲಿ ಜಗಳಕ್ಕೆ ಬಿದ್ದಾಗ, ತಾನೇ ರೆಫರಿಯಾಗಿ ನಿಂತರು ಅಂತ ಅಲ್ಲಿಂದ ಬದುಕಿ ಬಂದವರು ಹೇಳಿದ್ದಾರೆ. 1945ರ ಫೆಬ್ರವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮೆದುಳಿನ ಗಡ್ಡೆಯಿಂದ ಅಲ್ಲೇ ತೀರಿಕೊಂಡರು. ಆಟಗಾರರ ಸೇವೆ ಹೇಗಿರಬೇಕು ಅಂತ ನನ್ನನ್ನು ಕೇಳಿದರೆ ನಾನು ಆ ಶಿಬಿರದ ಮೈದಾನವನ್ನು ತೋರಿಸುತ್ತೇನೆ.

ಈಗ ನರ್ಸ್ ಆಗಿ ಒಂದು ಗಟ್ಟಿ ಮಾತು, ಇದನ್ನು ದಯವಿಟ್ಟು ಸುಮ್ನೆ ಓದಿ ಬಿಡಬೇಡಿ. ಆಟಗಾರರಿಗೆ ತಿನ್ನಲು ಕುಡಿಯಲು ನೀವಾಗಿ ಏನೂ ಕೊಡಬೇಡಿ. ನಮ್ಮ ಕಡೆಯಿಂದ ಹೋಗುವವರು ಶೇಂಗಾ ಹೋಳಿಗೆ, ಲಾಡು, ಕೆಮ್ಮಿನ ಔಷಧಿ, ಕಷಾಯದ ಪುಡಿ ಎಲ್ಲ ಚೀಲದಲ್ಲಿ ತುಂಬುತ್ತೇವೆ, ಪ್ರೀತಿಯಿಂದ ಕೊಡುತ್ತೇವೆ. ಉದ್ದೀಪನ ಮದ್ದಿನ ನಿಯಮದಲ್ಲಿ ಆಟಗಾರರ ಮೈಯಲ್ಲಿ ಏನು ಸಿಕ್ಕರೂ ಹೊಣೆ ಅವರದೇ, ಯಾರು ಕೊಟ್ಟರು, ಗೊತ್ತಿತ್ತೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಗಸಗಸೆಯಿಂದ ಮೂತ್ರ ಪರೀಕ್ಷೆಯಲ್ಲಿ ಮಾರ್ಫಿನ್ ಕಾಣಿಸಬಹುದು, ಸ್ಪರ್ಧೆಯ ಸಮಯದಲ್ಲಿ ಅದು ನಿಷೇಧ. ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಇರುತ್ತದೆ, ಅದಕ್ಕೂ ಮಿತಿ ಇದೆ. ನಿಮ್ಮ ಒಂದು ಲೋಟ ಪಾಯಸದಿಂದ ಒಬ್ಬ ಹುಡುಗಿಯ ಇಡೀ ಜೀವನ ಹಾಳಾಗಬಹುದು. ಸೀಲ್ ಒಡೆಯದ ನೀರಿನ ಬಾಟಲಿ ಮಾತ್ರ, ಅದನ್ನೂ ಅವರೇ ತೆರೆಯಲಿ. 2018ರ ಗೋಲ್ಡ್ ಕೋಸ್ಟ್ ಕೂಟದಲ್ಲಿ ಸೂಜಿ ಸಿಕ್ಕವು ಅಂತ ನಮ್ಮ ದೇಶದ ಇಬ್ಬರು ಆಟಗಾರರನ್ನು ವಾಪಸ್ ಕಳಿಸಿದ್ದರು, ಅಷ್ಟು ಬಿಗಿ ಇರುತ್ತದೆ. ನಿಮ್ಮ ಗುಂಪಿನಲ್ಲಿ ನರ್ಸ್, ಫಿಸಿಯೋ ಇದ್ದರೂ ಬ್ರಿಟನ್ನಿನಲ್ಲಿ ನೋಂದಣಿ ಇಲ್ಲದೆ ಆ ಕೆಲಸ ಮಾಡುವ ಹಾಗಿಲ್ಲ. ನಾನು ಅಲ್ಲಿ ಚಹಾ ಕೊಟ್ಟೆ, ಪಾತ್ರೆ ತೊಳೆದೆ.

ವೀಸಾ ಅರ್ಜಿಯಲ್ಲಿ ನಿಜ ಬರೆಯಿರಿ. ಸುಮ್ನೆ ಪ್ರವಾಸ ಅಂತ ಬರೆದು ಅಲ್ಲಿ ಸೇವೆ ಮಾಡುವುದು ಬೇಡ. ವಿಸಿಟರ್ ವೀಸಾದಲ್ಲಿ ಸ್ವಯಂಸೇವೆಗೆ ಮಿತಿ ಇದೆ, ನೋಂದಾಯಿತ ಧರ್ಮಾರ್ಥ ಸಂಸ್ಥೆಗೆ ಮಾತ್ರ, ಒಟ್ಟು 30 ದಿನ ದಾಟಬಾರದು, ಭೇಟಿಯ ಮುಖ್ಯ ಉದ್ದೇಶವೇ ಅದಾಗಿರಬಾರದು. ಹಾಗಾಗಿ ನಿಮಗೆ ಯಾವ ದಾರಿ ಸರಿ ಅಂತ ಕರೆದವರು ಅಲ್ಲಿನ ತಿಳಿದವರನ್ನು ಕೇಳಿಯೇ ಹೇಳಲಿ. ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಶ್ರೀಲಂಕಾ ತಂಡದ ಕೆಲವರು ಕಾಣೆಯಾಗಿ ದೊಡ್ಡ ಸುದ್ದಿಯಾಗಿತ್ತು, ಆದ್ದರಿಂದ ವಾಪಸ್ ಬರುತ್ತೀರಾ ಅನ್ನುವುದನ್ನು ಗಟ್ಟಿಯಾಗಿ ನೋಡುತ್ತಾರೆ. ಬೆರಳಚ್ಚು ಕೊಡಲು ನಮ್ಮ ಭಾಗದವರು ಹೈದರಾಬಾದಿಗೆ ಹೋಗುವುದು ಅನುಕೂಲ.

ದುಡ್ಡಿನ ಮಾತು. ಇದರಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಇಡೀ ಗುಂಪು ಹೋಗಬೇಡಿ. ಇಂಗ್ಲಿಷ್ ಅಥವಾ ಹಿಂದಿ ಸಲೀಸಾಗಿ ಬರುವ, ಬೆಳಿಗ್ಗೆಯಿಂದ ಸಂಜೆವರೆಗೆ ನಿಂತು ಕೆಲಸ ಮಾಡಬಲ್ಲ, ಸೆಲ್ಫಿಗೆ ಹಂಬಲಿಸದ ಇಬ್ಬರನ್ನು ಕಳಿಸಿ. ಉಳಿದ ದುಡ್ಡು ಇಲ್ಲೇ ಇರಲಿ. ದಸರಾ ಕ್ರೀಡಾಕೂಟಕ್ಕೆ ನಮ್ಮ ತಾಲ್ಲೂಕುಗಳಿಂದ, ಔರಾದ್, ಚಿಂಚೋಳಿ, ಸುರಪುರದಿಂದ ಬರುವ ಮಕ್ಕಳನ್ನು ನೋಡಿದ್ದೀರಾ? ಬರಿಗಾಲಲ್ಲಿ ಓಡುವವರು ಇನ್ನೂ ಇದ್ದಾರೆ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಜಾಗ ಹುಡುಕಬೇಕಾಗುತ್ತದೆ. ಗ್ಲಾಸ್ಗೋಗೆ ಹೋಗುವ ಇಬ್ಬರೂ ಮೊದಲು ಇಂಥ ಒಂದು ಕೂಟದಲ್ಲಿ ನೀರು, ಬಾಳೆಹಣ್ಣು, ಸ್ವಚ್ಛವಾದ ಒಂದು ಕೋಣೆಯ ವ್ಯವಸ್ಥೆ ಮಾಡಲಿ, ಸೋತು ಬಂದ ಮಗುವಿನ ಜೊತೆ ಕೂರಲಿ. ಇಲ್ಲಿ ಅದನ್ನು ಮಾಡಲು ಬೇಸರ ಪಡುವವರು ಅಲ್ಲಿಗೆ ಹೋಗುವುದು ಬೇಡವೇ ಬೇಡ.

ಕರೆದ ಸಭೆಗೆ ಇವತ್ತೇ ಪತ್ರ ಬರೆಯಿರಿ. ಅವರು ನೋಂದಾಯಿತರೇ, ಉಳಿಯುವುದು ಯಾರ ಮನೆಯಲ್ಲಿ, ಇನ್ಶೂರೆನ್ಸ್ ಯಾರು ಮಾಡಿಸುತ್ತಾರೆ, ಮಕ್ಕಳ ಜೊತೆ ಕೆಲಸ ಇದ್ದರೆ ಪೊಲೀಸ್ ಪ್ರಮಾಣಪತ್ರ ಬೇಕಾ, ದಿನಕ್ಕೆ ಎಷ್ಟು ಗಂಟೆ ಕೆಲಸ, ಇವಿಷ್ಟಕ್ಕೂ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಮುಂಗಡ ಹಣ ಮೊದಲು ಕಳಿಸಿ ಅಂತ ಯಾರಾದರೂ ಅವಸರ ಮಾಡಿದರೆ ನಿಮ್ಮ ಪಾಸ್ಟರ್‌ಗೆ ತೋರಿಸದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಉತ್ತರ ಬಂದ ಮೇಲೆ ಏನಾದರೂ ಗೊಂದಲ ಇದ್ದರೆ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.