ವ್ಹೀಲ್‌ಚೇರ್ ರಗ್ಬಿಯ ದೊಡ್ಡ ಆಟಗಾರರಿಗೆ ಅಷ್ಟು ಛಲ ಎಲ್ಲಿಂದ ಬರುತ್ತದೆ? ನನ್ನ ತಮ್ಮನಲ್ಲಿ ಅದನ್ನು ಹೇಗೆ ತುಂಬಲಿ?

ನೀವು ಸಿಂಧನೂರಿನಿಂದ ಕೇಳಿದ್ದೀರಿ. ತಮ್ಮನಿಗೆ 23 ವರ್ಷ, ಟ್ರಾಲಿಯಿಂದ ಬಿದ್ದು ಕುತ್ತಿಗೆಯ ಸಿ-6 ಹಂತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದೆ, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಜಪಾನ್ ಚಿನ್ನ ಗೆದ್ದ ವಿಡಿಯೋವನ್ನು ಮತ್ತೆ ಮತ್ತೆ ನೋಡುತ್ತಾನೆ ಎಂದಿದ್ದೀರಿ. ಅವನಿಗೆ ಹುರುಪಿನ ಮಾತು ಸಾಕಷ್ಟು ಸಿಕ್ಕಿರುತ್ತದೆ. ದಿನಾ ಅಳೆದು ಬರೆದಿಡಬಹುದಾದ ಒಂದು ಕೆಲಸ ಕೊಡಿ. ಈ ಆಟದಲ್ಲಿ ಮೇಲಕ್ಕೆ ಹೋದವರ ಮನಸ್ಸು ನಿಂತಿರುವುದೇ ಅದರ ಮೇಲೆ.

ಮೊದಲು ಆಟದ ಲೆಕ್ಕ. ಕೈಕಾಲು ಎರಡರಲ್ಲೂ ಶಕ್ತಿ ಕುಂದಿದವರಿಗೆಂದೇ 1970ರ ದಶಕದಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದ ಆಟ ಇದು. ಕೈ ಪೂರ್ತಿ ಚೆನ್ನಾಗಿದ್ದರೆ ಅರ್ಹತೆಯೇ ಇಲ್ಲ. ಪ್ರತಿ ಆಟಗಾರನಿಗೆ 0.5ರಿಂದ 3.5ರವರೆಗೆ ಅಂಕ. ಶಕ್ತಿ ಕಡಿಮೆ ಇದ್ದಷ್ಟೂ ಅಂಕ ಕಡಿಮೆ. ಅಂಕಣದಲ್ಲಿರುವ ನಾಲ್ವರ ಮೊತ್ತ 8 ದಾಟಬಾರದು, ಹೆಣ್ಣುಮಕ್ಕಳು ಆಡುತ್ತಿದ್ದರೆ ತಲಾ 0.5 ಹೆಚ್ಚುವರಿ. ಹಾಗಾಗಿ ಕಡಿಮೆ ಅಂಕದವನಿಲ್ಲದೆ ತಂಡ ಕಟ್ಟಲು ಆಗುವುದಿಲ್ಲ. ಸಿ-6 ಪೆಟ್ಟಿನವರು ಸಾಮಾನ್ಯವಾಗಿ ಈ ಕೆಳ ಅಂಕಗಳ ಕಡೆಗೇ ಬರುತ್ತಾರೆ. ನಿಖರ ಅಂಕವನ್ನು ತೋಳು, ಕೈ, ಮುಂಡ ಪರೀಕ್ಷಿಸಿ ಕ್ಲಾಸಿಫೈಯರ್‌ಗಳು ನಿರ್ಧರಿಸುತ್ತಾರೆ.

ನಿಮ್ಮ ತಮ್ಮ ವಿಡಿಯೋದಲ್ಲಿ ನೋಡುತ್ತಿರುವುದು ಬಹುಶಃ ಗೋಲು ಹೊಡೆಯುವವನನ್ನು. 2012ರ ಲಂಡನ್ ಫೈನಲ್‌ನಲ್ಲಿ ಆಸ್ಟ್ರೇಲಿಯಾದ 66 ಗೋಲುಗಳಲ್ಲಿ 37 ರೈಲಿ ಬ್ಯಾಟ್ ಒಬ್ಬನದೇ, ಅವನು 3.5 ಅಂಕದವ. ಅವನಿಗೆ ದಾರಿ ಬಿಡಿಸಿಕೊಟ್ಟವರನ್ನು ನೋಡಲು ಹೇಳಿ. ಅವರ ಚೇರ್‌ನ ಮುಂದೆ ಕೊಕ್ಕೆಯಂತೆ ಚಾಚಿದ ಪಿಕ್ ಬಾರ್ ಇರುತ್ತದೆ. ಅದನ್ನು ಎದುರಾಳಿಯ ಚೇರ್‌ಗೆ ಸಿಕ್ಕಿಸಿ ಎರಡು-ಮೂರು ಸೆಕೆಂಡ್ ಹಿಡಿದಿಟ್ಟರೆ ಕೆಲಸ ಆಯಿತು. ಪಂದ್ಯ ಪೂರ್ತಿ ಚೆಂಡು ಮುಟ್ಟದೇ ಇರಬಹುದು, ಆದರೂ ಎಷ್ಟು ಸಲ ಹಿಡಿದೆ, ಎಷ್ಟು ಸಲ ತಪ್ಪಿಸಿಕೊಂಡ ಎಂಬ ಲೆಕ್ಕ ಅವನ ತಲೆಯಲ್ಲಿ ಇರುತ್ತದೆ. ನನಗೆ ಈ ಆಟದಲ್ಲಿ ಅತ್ಯಂತ ಗೌರವ ಇರುವುದು ಈ ಆಟಗಾರರ ಮೇಲೆ.

ಎರಡನೆಯದು ಮರೆಯುವ ಅಭ್ಯಾಸ. ಚೆಂಡು ಸಿಕ್ಕ ತಂಡ 40 ಸೆಕೆಂಡ್‌ನಲ್ಲಿ ಗೋಲು ಮಾಡಬೇಕು, 12 ಸೆಕೆಂಡ್‌ನಲ್ಲಿ ಅರ್ಧ ಅಂಕಣ ದಾಟಬೇಕು, ಹಿಡಿದವನು 10 ಸೆಕೆಂಡ್‌ಗೊಮ್ಮೆ ಚೆಂಡು ಪುಟಿಸಬೇಕು ಇಲ್ಲವೇ ಪಾಸ್ ಕೊಡಬೇಕು. ಚೆಂಡು ಕಳೆದುಕೊಂಡದ್ದಕ್ಕೆ ಕೊರಗುತ್ತ ಕೂತರೆ ಅಷ್ಟರಲ್ಲಿ ಇನ್ನೊಂದು ಗೋಲು ಹೋಗಿರುತ್ತದೆ. 2016ರ ರಿಯೋ ಫೈನಲ್ ಎರಡು ಹೆಚ್ಚುವರಿ ಅವಧಿಗೆ ಹೋಗಿ 59–58ರಲ್ಲಿ ಮುಗಿಯಿತು. ಒಂದೇ ಚೆಂಡಿನ ವ್ಯತ್ಯಾಸ.

ಇನ್ನು ಮೈಯ ಲೆಕ್ಕ. ಎಲ್ಲಕ್ಕಿಂತ ಮುಖ್ಯ ಇದೇ, ಮನೆಯವರು ಎಡವುವುದೂ ಇಲ್ಲೇ. ಕುತ್ತಿಗೆಯಲ್ಲಿ ಪೂರ್ತಿ ಪೆಟ್ಟಾದವರ ನಾಡಿ ಎಷ್ಟೇ ದುಡಿದರೂ ಸಾಮಾನ್ಯವಾಗಿ 110–130 ದಾಟುವುದಿಲ್ಲ. ನಾಡಿ ನೋಡಿ "ಇನ್ನೂ ಜೋರು ಮಾಡು" ಎನ್ನಬೇಡಿ, ದಣಿವು ಹತ್ತಕ್ಕೆ ಎಷ್ಟು ಎಂದು ಅವನನ್ನೇ ಕೇಳಿ ಬರೆದುಕೊಳ್ಳಿ. ಪೆಟ್ಟಿನ ಕೆಳಗೆ ಬೆವರು ಬರುವುದಿಲ್ಲ. ರಾಯಚೂರಿನ ಏಪ್ರಿಲ್-ಮೇ ಬಿಸಿಲಲ್ಲಿ ನೀರು ಕುಡಿಸಿದರಷ್ಟೇ ಮೈ ತಣಿಯದು. ಬೆಳಿಗ್ಗೆ ಏಳರೊಳಗೆ ಮುಗಿಸಿ, ಸ್ಪ್ರೇ ಬಾಟಲಿಯಿಂದ ಮುಖ, ಕುತ್ತಿಗೆ, ತೋಳಿಗೆ ನೀರು ಸಿಂಪಡಿಸಿ ಗಾಳಿ ಬೀಸಿ.

ಒಮ್ಮೆಲೇ ತಲೆ ಸಿಡಿಯುವ ನೋವು ಬಂದು ಮುಖ ಕೆಂಪಾಗಿ ಬೆವರಿದರೆ ಬಿಪಿ ಅಪಾಯಕ್ಕೆ ಏರುತ್ತಿದೆ ಎಂದರ್ಥ. ಅವನ ಮಾಮೂಲಿ ಮೇಲಿನ ಬಿಪಿ 90–100 ಇದ್ದರೆ 130 ಕೂಡ ಹೆಚ್ಚೇ. ನೆಟ್ಟಗೆ ಕೂಡಿಸಿ, ಮಲಗಿಸಬೇಡಿ. ಪಟ್ಟಿಗಳನ್ನೆಲ್ಲ ಸಡಿಲಿಸಿ, ಮೂತ್ರದ ಕೊಳವೆ ಮಡಚಿದೆಯೇ ನೋಡಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ. ಹೀಗೆ ಬಿಪಿಯನ್ನು ಬೇಕೆಂದೇ ಏರಿಸಿಕೊಂಡು ಆಡುವವರಿದ್ದಾರೆ, ಅದಕ್ಕೆ ಬೂಸ್ಟಿಂಗ್ ಎನ್ನುತ್ತಾರೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಅದು ನಿಷಿದ್ಧ, ಮೇಲಿನ ಬಿಪಿ 160 ಮುಟ್ಟಿ ಇಳಿಯದಿದ್ದರೆ ಆಡಲು ಬಿಡುವುದಿಲ್ಲ. ಅದು ಛಲ ಅಲ್ಲ, ಮಿದುಳಲ್ಲಿ ರಕ್ತಸ್ರಾವವಾಗಿ ಜೀವವೇ ಹೋಗಬಹುದು.

ಕೂತಲ್ಲಿ ಹುಣ್ಣಾದರೆ ತಿಂಗಳುಗಟ್ಟಲೆ ಹಾಸಿಗೆ. 15–30 ನಿಮಿಷಕ್ಕೊಮ್ಮೆ ಎರಡು ನಿಮಿಷ ಮುಂದಕ್ಕೋ ಪಕ್ಕಕ್ಕೋ ಬಾಗಿ ಭಾರ ಬಿಡಲಿ. ರಾತ್ರಿ ಮೊಬೈಲ್‌ನಲ್ಲಿ ಕುಂಡೆಯ ಚರ್ಮದ ಫೋಟೊ ತೆಗೆದು ನೋಡಿ. ಅರ್ಧ ಗಂಟೆಯಲ್ಲಿ ಮಾಯವಾಗದ ಕೆಂಪು ಇದ್ದರೆ, ಅದು ಹೋಗುವ ತನಕ ಅಭ್ಯಾಸ ಬಂದ್.

ಶುರುಮಾಡಲು ಈಗಿರುವ ಚೇರ್ ಸಾಕು. ಮದುವೆ ಇಲ್ಲದ ದಿನ ಕಲ್ಯಾಣ ಮಂಟಪದ ನುಣುಪು ನೆಲ ಕೇಳಿ ನೋಡಿ. ರೈಸ್ ಮಿಲ್‌ನ ಭತ್ತ ಒಣಗಿಸುವ ಸಿಮೆಂಟ್ ಕಣವೂ ಆದೀತು, ಆದರೆ ಟೈರ್ ಬೇಗ ಸವೆಯುತ್ತದೆ. 20 ಮೀಟರ್ ಅಳೆದು ಗುರುತು ಹಾಕಿ. ಆರು ಓಟ, ನಡುವೆ ಎರಡು ನಿಮಿಷ ವಿರಾಮ, ವಾರಕ್ಕೆ ಮೂರು ದಿನ. ಪ್ರತಿ ಓಟದ ಸಮಯ ನೋಟ್‌ಬುಕ್ಕಿಗೆ. ಸಿ-6ರಲ್ಲಿ ಬೆರಳು ಮಡಚುವ ಸ್ನಾಯುಗಳೂ ತೋಳಿನ ಹಿಂದಿನ ಸ್ನಾಯುವೂ ಕೆಲಸ ಮಾಡದ ಕಾರಣ ಚಕ್ರವನ್ನು ಬೆರಳಲ್ಲಿ ಹಿಡಿದು ನೂಕಲು ಆಗದು, ಅಂಗೈ ಒತ್ತಿ ಭುಜದಿಂದ ತಳ್ಳಬೇಕು. ರಬ್ಬರ್ ಲೇಪದ ಗ್ಲೌಸ್ ಹಾಕಿ ಹೆಬ್ಬೆರಳನ್ನು ಟೇಪಿನಿಂದ ಸುತ್ತಿ. ಕೈಗೆ ಸ್ಪರ್ಶ ಸರಿಯಾಗಿ ಗೊತ್ತಾಗದಿದ್ದರೆ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದಾಗ ಸುಟ್ಟದ್ದೂ ತಿಳಿಯದು, ಆಮೇಲೆ ಅಂಗೈ ನೋಡಲೇಬೇಕು. ಸೊಂಟ ಮತ್ತು ತೊಡೆಗೆ 5 ಸೆಂ.ಮೀ. ಅಗಲದ ನೈಲಾನ್ ಪಟ್ಟಿ ಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ಮಷಿನ್‌ಗೆ ಅದು ಸುಲಭ, ಹೊಲಿಗೆ ಮಾತ್ರ ಚರ್ಮಕ್ಕೆ ತಾಗದಂತೆ ಹೊರಗಿರಲಿ.

ಡಿಕ್ಕಿ ಹೊಡೆಯುವ ಆಟ ಈ ಚೇರ್‌ನಲ್ಲಿ ಖಂಡಿತ ಬೇಡ. ರಗ್ಬಿ ಚೇರ್‌ನ ಚಕ್ರಗಳು ಕೆಳಗೆ ಅಗಲವಾಗಿ ವಾಲಿರುತ್ತವೆ, ಕಡ್ಡಿಗಳ ಮೇಲೆ ತಟ್ಟೆಯಂಥ ಕವಚ ಇರುತ್ತದೆ, ಹಿಂದಕ್ಕೆ ಮಗುಚದಂತೆ ಪುಟ್ಟ ಚಕ್ರ ಇರುತ್ತದೆ. ಮನೆಯ ಚೇರ್‌ನಲ್ಲಿ ಇದ್ಯಾವುದೂ ಇಲ್ಲ. ಹಿಂದಕ್ಕೆ ಬಿದ್ದರೆ ತಲೆಯೇ ಮೊದಲು ನೆಲಕ್ಕೆ ಬಡಿಯುತ್ತದೆ.