ಸ್ಮೋಕಿ ಬೆಟ್ಟದ ಖಾಲಿ ಮನೆಗಳು

ಪ್ರಶ್ನೆ: ಅಟ್ಲಾಂಟಾದಲ್ಲಿರುವ ಮಗ ನಮ್ಮನ್ನು ಟೆನೆಸ್ಸಿಯ ಕೇಡ್ಸ್ ಕೋವ್‌ಗೆ ಕರೆದುಕೊಂಡು ಹೋಗಿದ್ದ. ಮರದ ದಿಮ್ಮಿಯ ಮನೆ, ಚರ್ಚು, ಹಿಟ್ಟಿನ ಗಿರಣಿ ಎಲ್ಲ ಇವೆ, ಜನ ಮಾತ್ರ ಇಲ್ಲ. ಆ ಊರಿನವರು ಎಲ್ಲಿ ಹೋದರು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅವರಾಗಿಯೇ ಹೋಗಲಿಲ್ಲ, ಎಬ್ಬಿಸಿ ಕಳಿಸಿದರು. ಆ ಊರು ಈಗ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಒಳಗಿದೆ, ಆ ಉದ್ಯಾನ ಆಗಿದ್ದು 1934ರಲ್ಲಿ. ಅಲ್ಲಿದ್ದದ್ದು ಸರ್ಕಾರದ ಕಾಡಲ್ಲ, ಮರದ ಕಂಪನಿಗಳ ಮತ್ತು ರೈತರ ಜಮೀನು, ಹಾಗಾಗಿ ಎಲ್ಲವನ್ನೂ ಕೊಳ್ಳಬೇಕಾಯಿತು. ರಾಕ್‌ಫೆಲ್ಲರ್ ಮನೆತನದ ನಿಧಿಯಿಂದಲೇ 50 ಲಕ್ಷ ಡಾಲರ್ ಬಂತು. ಮಾರಲ್ಲ ಅಂದವರ ಮೇಲೆ ಕೇಸು. ಕೇಡ್ಸ್ ಕೋವ್‌ನ ಜಾನ್ ಆಲಿವರ್ ಎಂಬುವರು ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಗಿ ಹೋರಾಡಿ, ಕೊನೆಗೆ 1937ರಲ್ಲಿ ಮನೆ ಬಿಟ್ಟರು. ಅವರ ಹಿರಿಯರು ಅಲ್ಲಿಗೆ ಬಂದಿದ್ದು 1818ರ ಸುಮಾರಿಗೆ.

ನನಗೆ ಜಾಸ್ತಿ ಬೇಸರ ತರಿಸುವುದು ಆಮೇಲೆ ನಡೆದದ್ದು. ಅಲ್ಲಿ ಹಲಗೆ ಹೊಡೆದು ಬಣ್ಣ ಬಳಿದ, ಆ ಕಾಲಕ್ಕೆ ಹೊಸದಾಗಿದ್ದ ಮನೆಗಳೂ ಇದ್ದವು. ಉದ್ಯಾನದವರು ಅಂಥವನ್ನು ಹೆಚ್ಚುಕಮ್ಮಿ ಎಲ್ಲ ಕೆಡವಿ ಹಳೇ ದಿಮ್ಮಿ ಮನೆಗಳನ್ನಷ್ಟೇ ಉಳಿಸಿದರು. ಹಾಗಾಗಿ ಈಗ ನೋಡಿದವರಿಗೆ, ಈ ಬೆಟ್ಟದ ಜನ ಲೋಕ ತಿಳಿಯದೆ ನೂರು ವರ್ಷ ಹಿಂದೆಯೇ ಉಳಿದಿದ್ದರು ಅನ್ನಿಸುತ್ತದೆ. ಅದು ನಿಜವಲ್ಲ.

ಉದ್ಯಾನದ ಇನ್ನೊಂದು ಅಂಚಿನಲ್ಲಿ, ಉತ್ತರ ಕೆರೊಲಿನಾದಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿದ್ಯುತ್ತಿಗಾಗಿ ಫೊಂಟಾನಾ ಅಣೆಕಟ್ಟು ಕಟ್ಟಿದರು. ಅಲ್ಲಿನವರು ಊರು ಬಿಡಬೇಕಾಯಿತು, ಹಿರಿಯರ ಸಮಾಧಿಗಳಿಗೆ ಹೋಗುವ ರಸ್ತೆ ಮುಳುಗಿತು. ಹೊಸ ರಸ್ತೆ ಕೊಡುತ್ತೇವೆ ಅಂತ 1943ರಲ್ಲಿ ಬರೆದುಕೊಟ್ಟಿದ್ದರು, ಆದರೆ ಸುಮಾರು 10 ಕಿಲೋಮೀಟರ್ ಹಾಕಿ ಒಂದು ಸುರಂಗದ ಹತ್ತಿರ ಕೈಬಿಟ್ಟರು. ಅಲ್ಲಿಂದ ಎದ್ದವರ ಮಕ್ಕಳು, ಮೊಮ್ಮಕ್ಕಳು ಈಗಲೂ ದೋಣಿಯಲ್ಲಿ ಕೆರೆ ದಾಟಿ ಹೋಗಿ ಹಿರಿಯರ ಸಮಾಧಿ ಗುಡಿಸಿ, ಹೂವಿಟ್ಟು, ಅಲ್ಲೇ ಕೂತು ಒಟ್ಟಿಗೆ ಊಟ ಮಾಡಿ ಬರುತ್ತಾರೆ. ಡೆಕೊರೇಷನ್ ಡೇ ಅನ್ನುತ್ತಾರೆ ಅದಕ್ಕೆ.

ಪ್ರಶ್ನೆ: ಅಲ್ಲಿನ ಮೂಲ ಜನರಾದ ಚೆರೋಕಿಗಳು ಪೂರ್ತಿ ಅಳಿದುಹೋದರಾ?
– ಓದುಗರೊಬ್ಬರು, ಹಾಸನ

ಉತ್ತರ: ಇಲ್ಲ, ಇದ್ದಾರೆ. ಆಲಿವರ್ ಅವರಂಥವರ ಹಿರಿಯರು ಬಂದು ಕೂತಿದ್ದೇ ಚೆರೋಕಿಗಳ ನೆಲದಲ್ಲಿ, ಇದನ್ನೂ ಹೇಳಲೇಬೇಕು ಅಲ್ವಾ? ಸೆಕ್ವೋಯಾ ಎಂಬುವರು 1821ರ ಹೊತ್ತಿಗೆ ತಮ್ಮ ಭಾಷೆಗೆ ಲಿಪಿ ಮಾಡಿಕೊಟ್ಟಿದ್ದರು, 1828ರಲ್ಲಿ ಅದರಲ್ಲೇ ಪತ್ರಿಕೆ ಬಂತು. 1832ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಚೆರೋಕಿ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯುವುದಿಲ್ಲ ಅಂತ ಅವರ ಕಡೆಗೇ ತೀರ್ಪು ಕೊಟ್ಟಿತು. ಏನೂ ಉಪಯೋಗವಾಗಲಿಲ್ಲ. 1838ರಲ್ಲಿ ಸೈನಿಕರು ಮನೆಮನೆಗೆ ಬಂದು ಎಬ್ಬಿಸಿ, ಮಿಸಿಸಿಪಿ ನದಿಯಾಚೆ ಈಗಿನ ಓಕ್ಲಹೋಮಾಕ್ಕೆ ಅಟ್ಟಿದರು, ಸುಮಾರು 4,000 ಜನ ಸತ್ತರು ಅಂತ ಅಂದಾಜು. ಕೆಲವರು ಬೆಟ್ಟದಲ್ಲೇ ಉಳಿದುಕೊಂಡರು. ಅವರ ಪೀಳಿಗೆಯವರು ಇವತ್ತು ಉದ್ಯಾನಕ್ಕೆ ತಾಗಿಕೊಂಡೇ ಇರುವ ಕ್ವಾಲಾ ಎಂಬ ತಮ್ಮ ಸ್ವಂತ ನೆಲದಲ್ಲಿದ್ದಾರೆ. ಉದ್ಯಾನದ ಅತಿ ಎತ್ತರದ ಶಿಖರಕ್ಕೆ ಕ್ಲಿಂಗ್‌ಮನ್ಸ್ ಡೋಮ್ ಅಂತ ಹೆಸರಿತ್ತು. ಇವರು ಪಟ್ಟುಹಿಡಿದು ಕೇಳಿದ್ದರಿಂದ 2024ರಲ್ಲಿ ಅದರ ಚೆರೋಕಿ ಹೆಸರು ಕುವೋಹಿ ವಾಪಸ್ ಬಂತು.

ಪ್ರಶ್ನೆ: ಬ್ಯಾಂಜೊ ಎಂಬ ತಂತಿವಾದ್ಯ, ಸ್ಮೋಕಿ ಬೆಟ್ಟಗಳೂ ಸೇರಿದ ಅಪಲೇಶಿಯಾ ಬೆಟ್ಟಸೀಮೆಯ ಬಿಳಿಯರ ವಾದ್ಯವೇ?
– ಓದುಗರೊಬ್ಬರು, ಸಿರಸಿ

ಉತ್ತರ: ಅಲ್ಲ. ಸೋರೆ ಬುರುಡೆಗೆ ಚರ್ಮ ಬಿಗಿದು ತಂತಿ ಕಟ್ಟಿದ ಪಶ್ಚಿಮ ಆಫ್ರಿಕಾದ ವಾದ್ಯಗಳಿಂದ ಬಂದದ್ದು. ಗುಲಾಮರಾಗಿ ಬಂದವರು ಅದನ್ನು ಅಮೆರಿಕದಲ್ಲಿ ಮಾಡಿ ನುಡಿಸಿದರು, ಬೆಟ್ಟದ ಬಿಳಿಯರು ಅವರಿಂದ ಕಲಿತರು. 1927ರಲ್ಲಿ ಟೆನೆಸ್ಸಿಯ ಬ್ರಿಸ್ಟಲ್‌ನಲ್ಲಿ ಹಾಡು ರೆಕಾರ್ಡ್ ಮಾಡಿ ಹೆಸರಾದ, ಬೆಟ್ಟದ ಹಾಡುಗಾರರಾದ ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಮುಂದೆ ಹಾಡು ಹುಡುಕಿಕೊಂಡು ಊರೂರು ಸುತ್ತಿದಾಗಲೂ ಅವರ ಜೊತೆಗಿದ್ದು ರಾಗ ನೆನಪಿಟ್ಟುಕೊಂಡವರು ಕಪ್ಪು ಜನಾಂಗದ ಗಿಟಾರ್ ವಾದಕ ಲೆಸ್ಲಿ ರಿಡಲ್.